ಎಂ13 ಫೇಜ್‌ನ ಕೋಟ್ ಪ್ರೋಟೀನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಕ್ಟೀರಿಯಾಕ್ಕೂ ವೈರಸ್ ಕಾಟ ತಪ್ಪಿದ್ದಲ್ಲ. ಆ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು. ಲ್ಯಾಬ್‌ನಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ಫೇಜ್. ನಾನು ಜಾಸ್ತಿ ಒಡನಾಡಿದ್ದು ಎಂ13 ಎಂಬ ಫೇಜ್ ಜೊತೆ. ಪ್ರಾಜೆಕ್ಟ್‌ಗೆ ಬರುವ ಎಂಎಸ್ಸಿ ವಿದ್ಯಾರ್ಥಿಗಳು ಪ್ರತಿ ವರ್ಷ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವರು ತುಂಬ ಜನ. ತಲೆಯಲ್ಲಿ ಒಳ್ಳೊಳ್ಳೆ ಪ್ರಶ್ನೆ ಇರುತ್ತವೆ, ಇಂಗ್ಲಿಷ್ ಪೇಪರ್ ಮುಂದೆ ಕೂತಾಗ ಮಾತ್ರ ಸುಮ್ಮನಾಗಿಬಿಡುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಓದುವಾಗ ಒಂದು ವಿಷಯ ನೆನಪಿರಲಿ. ಕೋಟ್ ಪ್ರೋಟೀನು ಅಂದರೆ ಫೇಜ್‌ನ ಹೊರಗಿನ ಹೊದಿಕೆ ಕಟ್ಟುವ ಪ್ರೋಟೀನು. ಈ ಫೇಜ್ ಬ್ಯಾಕ್ಟೀರಿಯಾ ಕೋಶದೊಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಅದೇ ಕೋಟ್ ಪ್ರೋಟೀನುಗಳು ಬೇಕು. ಒಂದು ಕೆಲಸಕ್ಕೆ ಅಂತ ಅವನ್ನು ಮುಟ್ಟಿದರೆ ಇನ್ನೊಂದು ಕೆಲಸ ಕೆಡಬಹುದು. ಲ್ಯಾಬ್‌ನಲ್ಲಿ ನಾವು ಪಡುವ ಮುಕ್ಕಾಲು ಪಾಲು ಪಾಡು ಇದರಿಂದಲೇ.

ಎಂ13 ನೋಡಲು ಹೇಗಿರುತ್ತದೆ?

ಶಾವಿಗೆ ಎಳೆಯ ಹಾಗೆ. ಉದ್ದ ಸುಮಾರು 900 ನ್ಯಾನೊಮೀಟರ್, ದಪ್ಪ ಬರೀ 6-7 ನ್ಯಾನೊಮೀಟರ್. ಒಂದು ಮಿಲಿಮೀಟರ್ ದಪ್ಪದ ಶಾವಿಗೆ ಅಂದುಕೊಂಡರೆ ಅದರ ಉದ್ದ 13 ಸೆಂಟಿಮೀಟರ್ ಆಗುತ್ತದೆ. ಇದು ಹಿಡಿಯುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದವೇ ಸುಮಾರು 2000 ನ್ಯಾನೊಮೀಟರ್. ತನ್ನ ಅರ್ಧದಷ್ಟು ಉದ್ದದ ವೈರಸ್ಸನ್ನು ಆ ಕೋಶ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಾಯಿತು.

ಒಳಗಿರುವುದು ಒಂಟಿ ಎಳೆಯ ಡಿಎನ್‌ಎ, 6407 ಅಕ್ಷರ. ಅದರ ಎರಡು ತುದಿ ಸೇರಿಕೊಂಡು ಬಳೆಯ ಹಾಗಿರುತ್ತದೆ. ಆ ಬಳೆಯನ್ನು ಎರಡೂ ಕಡೆಯಿಂದ ಜಗ್ಗಿ, ಉದ್ದ ಮಾಡಿ, ಕೊಳವೆಯೊಳಗೆ ತೂರಿಸಿದಂತೆ ಕಲ್ಪಿಸಿಕೊಳ್ಳಿ. ಇಡೀ ಜೀನೋಮ್‌ನಿಂದ ಹುಟ್ಟುವುದು 11 ಪ್ರೋಟೀನು, ಅಷ್ಟೇ.

ಎಫ್1, ಎಫ್‌ಡಿ ಎಂಬ ಹೆಸರುಗಳನ್ನೂ ನೀವು ಕೇಳಿರುತ್ತೀರಿ. ಎಂ13 ಸಿಕ್ಕಿದ್ದು ಮ್ಯೂನಿಕ್‌ನಲ್ಲಿ, ಎಫ್1 ನ್ಯೂಯಾರ್ಕಿನಲ್ಲಿ, ಎಫ್‌ಡಿ ಹೈಡೆಲ್‌ಬರ್ಗ್‌ನಲ್ಲಿ. ಎಲ್ಲವೂ 1960ರ ದಶಕದ ಆರಂಭದಲ್ಲಿ. ಮೂರರ ಡಿಎನ್‌ಎ ನೂರಕ್ಕೆ 98ರಷ್ಟು ಒಂದೇ. ಒಂದರ ಬಗ್ಗೆ ಓದಿದ್ದು ಇನ್ನೊಂದಕ್ಕೂ ಹೊಂದುತ್ತದೆ.

ಕೋಟ್ ಪ್ರೋಟೀನುಗಳು ಎಷ್ಟು?

ಐದು ಬಗೆ. ಹೆಸರಿನಲ್ಲಿ ಪಿ ಅಂದರೆ ಪ್ರೋಟೀನು, ಪಕ್ಕದ್ದು ಅದರ ಸಂಖ್ಯೆ. ಮೈ ತುಂಬ ಪಿ-8, ಸುಮಾರು 2700 ಪ್ರತಿ. ಒಂದು ತುದಿಯಲ್ಲಿ ಪಿ-7 ಮತ್ತು ಪಿ-9, ಇನ್ನೊಂದು ತುದಿಯಲ್ಲಿ ಪಿ-3 ಮತ್ತು ಪಿ-6. ತುದಿಯ ಈ ನಾಲ್ಕೂ ಐದೈದು ಪ್ರತಿ ಇರುತ್ತವೆ. ಸೋಂಕು ಹತ್ತಿಸುವುದು ಪಿ-3 ಇರುವ ತುದಿ. ಕೋಶದಿಂದ ಮೊದಲು ಹೊರಗೆ ಬರುವುದು ಪಿ-7, ಪಿ-9 ಇರುವ ತುದಿ.

ಪಿ-8 ಅಷ್ಟು ಚಿಕ್ಕದು. ಅಷ್ಟುದ್ದದ ಫೇಜ್ ಕಣವನ್ನು ಹೇಗೆ ಕಟ್ಟುತ್ತದೆ?

ಮಂಗಳೂರು ಹೆಂಚಿನ ಮಾಡು ನೋಡಿದ್ದೀರಲ್ಲ? ಒಂದು ಹೆಂಚಿನ ಅಂಚು ಇನ್ನೊಂದರ ಮೇಲೆ ಕೂರುತ್ತದೆ. ಪಿ-8ಗಳೂ ಹೀಗೆ ಒಂದರ ಮೇಲೊಂದು ಓರೆಯಾಗಿ ಕೂತು ಡಿಎನ್‌ಎ ಸುತ್ತ ಸುತ್ತಿಕೊಂಡು ಹೋಗುತ್ತವೆ.

ಒಂದು ಪಿ-8 ಅಂದರೆ 50 ಅಮೈನೊ ಆಮ್ಲಗಳ ಒಂದು ಸುರುಳಿ. ಅದನ್ನು ಮೂರು ಭಾಗ ಮಾಡಿ ನೋಡಿ. ಮೊದಲ ಭಾಗ ಹೊರಮುಖ. ಅಲ್ಲಿ ಆಮ್ಲ ಗುಣದ ಅಮೈನೊ ಆಮ್ಲಗಳು ಜಾಸ್ತಿ, ಹಾಗಾಗಿ ಇಡೀ ಫೇಜ್ ಮೈಗೆ ಋಣ ವಿದ್ಯುತ್ ಅಂಶ ಇರುತ್ತದೆ. ನಡುಭಾಗ ಎಣ್ಣೆಯ ಗುಣದ್ದು, ನೀರಿಗೆ ಸೇರುವುದಿಲ್ಲ. ಅಕ್ಕಪಕ್ಕದ ಪಿ-8ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಈ ಭಾಗದಿಂದ. ಕೊನೆಯ ಭಾಗ ಒಳಮುಖ. ಅಲ್ಲಿ ನಾಲ್ಕು ಲೈಸಿನ್‌ಗಳಿವೆ, ಎಲ್ಲಕ್ಕೂ ಧನ ಅಂಶ. ಡಿಎನ್‌ಎಗೆ ಋಣ ಅಂಶ. ಎರಡೂ ಹಿಡಿದುಕೊಳ್ಳುತ್ತವೆ.

ಎಣ್ಣೆ ಗುಣದ ಆ ನಡುಭಾಗವನ್ನು ಮರೆಯಬೇಡಿ. ಕಣ ಕಟ್ಟುವ ಮೊದಲು ಪಿ-8 ಎಲ್ಲಿ ಕಾಯುತ್ತದೆ ಎನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. ಮುಂದೆ ಹೇಳುತ್ತೇನೆ.

ಸೋಂಕು ಶುರುವಾಗುವುದು ಹೇಗೆ?

ಪಿ-3ಯಿಂದ. ಇದು ದೊಡ್ಡ ಪ್ರೋಟೀನು, 406 ಅಮೈನೊ ಆಮ್ಲ. ಎನ್1, ಎನ್2, ಸಿ ಎಂದು ಮೂರು ಗಂಟು, ನಡುವೆ ಗ್ಲೈಸಿನ್ ತುಂಬಿದ ಸಡಿಲ ಎಳೆ. ಸಿ ಗಂಟು ಫೇಜ್ ಮೈಗೆ ಅಂಟಿರುತ್ತದೆ. ಎನ್1, ಎನ್2 ಹೊರಗೆ ತೂಗಾಡುತ್ತಿರುತ್ತವೆ.

ಇ. ಕೋಲಿಯ ಮೈಮೇಲೆ ಎಫ್ ಪಿಲಸ್ ಎಂಬ ಸಣ್ಣ ಕೂದಲಿನಂಥ ಎಳೆ ಇರುತ್ತದೆ. ಎನ್2 ಆ ಎಳೆಯ ತುದಿಯನ್ನು ಹಿಡಿಯುತ್ತದೆ. ಕೋಶ ತನ್ನ ಪಿಲಸ್ಸನ್ನು ಆಗಾಗ ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಫೇಜ್ ಕೂಡ ಕೋಶದ ಹತ್ತಿರ ಬರುತ್ತದೆ.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟದ ಭಾಗ. ಸುಮ್ಮನೆ ಇರುವ ಫೇಜ್‌ನಲ್ಲಿ ಎನ್1 ಮತ್ತು ಎನ್2 ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಕೋಶದ ಒಳಬಾಗಿಲಲ್ಲಿ ಟಾಲ್-ಎ ಎಂಬ ಪ್ರೋಟೀನು ಕಾದಿರುತ್ತದೆ. ಎನ್1 ಅದನ್ನು ಹಿಡಿಯಬೇಕು. ಆದರೆ ಹಿಡಿಯಬೇಕಾದ ಮಗ್ಗುಲನ್ನೇ ಎನ್2 ಮುಚ್ಚಿಕೊಂಡು ಕೂತಿದೆ. ಪಿಲಸ್ ಸಿಕ್ಕಿದ ಮೇಲೆ ಈ ತಬ್ಬುಗೆ ಬಿಡುತ್ತದೆ. ಅಲ್ಲಿನ ಕೀಲಿನಲ್ಲಿ 213ನೇ ಜಾಗದಲ್ಲಿ ಒಂದು ಪ್ರೋಲಿನ್ ಇದೆ. ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುತ್ತದೆ. ಹೊರಳಿದ್ದು ವಾಪಸ್ ಬರುವುದು ನಿಧಾನ. ಅಷ್ಟು ಹೊತ್ತು ಎನ್1 ಮಗ್ಗುಲು ತೆರೆದೇ ಇರುತ್ತದೆ, ಟಾಲ್-ಎ ಸಿಗುವವರೆಗೆ ಸಮಯ ಸಿಗುತ್ತದೆ. ಒಂದೇ ಒಂದು ಅಮೈನೊ ಆಮ್ಲ ಗಡಿಯಾರದ ಕೆಲಸ ಮಾಡುತ್ತದೆ!

ಎನ್2 ಹೀಗೆ ಎರಡು ಕೆಲಸ ಮಾಡುತ್ತದೆ: ಪಿಲಸ್ ಹಿಡಿಯುವುದು, ಅದು ಸಿಗುವ ತನಕ ಎನ್1ಗೆ ಬೀಗ ಹಾಕಿಡುವುದು. ಎನ್2 ಭಾಗವನ್ನು ಕತ್ತರಿಸಿ ತೆಗೆದ ಫೇಜ್, ಪಿಲಸ್ ಇಲ್ಲದ ಕೋಶಕ್ಕೂ ತುಂಬ ಕಡಿಮೆ ಪ್ರಮಾಣದಲ್ಲಿ ಹೊಗಬಲ್ಲದು. ಬೀಗವೇ ಇಲ್ಲವಲ್ಲ.

ಪಿ-3ಯ ಸಿ ಗಂಟು ಬರೀ ಹಿಡಿಯೇ?

ತುಂಬ ದಿನ ಹಾಗೇ ಅಂದುಕೊಂಡಿದ್ದರು. ಎನ್1, ಎನ್2 ಸರಿಯಿದ್ದರೆ ಸಾಕು, ಸಿ ಗಂಟು ಅವನ್ನು ಹೊತ್ತು ನಿಂತರೆ ಆಯಿತು ಎಂದು. ಆದರೆ ಸಿ ಗಂಟಿನ ಒಂದು ಭಾಗ ಇಲ್ಲದ ಪಿ-3 ಇಟ್ಟು ನೋಡಿದಾಗ ಕಣ ಸರಿಯಾಗಿ ಹೊರಗೆ ಬಂತು, ಸೋಂಕು ಮಾತ್ರ ಆಗಲಿಲ್ಲ. ಟಾಲ್-ಎ ಹಿಡಿದ ಮೇಲೆ ಫೇಜ್‌ನ ತುದಿಯನ್ನು ಬಿಚ್ಚುವುದು ಸಿ ಗಂಟಿನ ಕೆಲಸ. ಹೊರಗೆ ಬರುವಾಗ ತುದಿಯನ್ನು ಮುಚ್ಚಿ ಬಿಡುಗಡೆ ಮಾಡುವುದೂ ಅದರದೇ ಕೆಲಸ.

ಒಳಗೆ ಹೋದ ಮೇಲೆ ಕೋಟ್ ಏನಾಗುತ್ತದೆ?

ಹಾಳಾಗುವುದಿಲ್ಲ. ಡಿಎನ್‌ಎ ಒಳಗೆ ಜಾರುತ್ತಿದ್ದಂತೆ ಪಿ-8ಗಳು ಒಂದೊಂದಾಗಿ ಬಿಚ್ಚಿಕೊಂಡು ಕೋಶದ ಒಳಪೊರೆಯಲ್ಲಿ ಸೇರಿಹೋಗುತ್ತವೆ. ಎಣ್ಣೆ ಗುಣದ ನಡುಭಾಗ ಇದೆಯಲ್ಲ, ಪೊರೆಯೂ ಕೊಬ್ಬಿನದೇ. ಮುಂದೆ ಹೊಸ ಫೇಜ್ ಕಟ್ಟುವಾಗ ಈ ಹಳೆಯ ಪಿ-8ಗಳೂ ಮತ್ತೆ ಬಳಕೆಗೆ ಬರುತ್ತವೆ. ಹಳೆ ಮನೆ ಬಿಚ್ಚಿದ ಹೆಂಚನ್ನು ಜೋಪಾನವಾಗಿ ಎತ್ತಿಟ್ಟು ಹೊಸ ಮನೆಗೆ ಹೊದಿಸಿದ ಹಾಗೆ.

ಪ್ಲೇಟ್‌ನಲ್ಲಿ ಒಂದೂ ಪ್ಲಾಕ್ ಬರಲಿಲ್ಲ. ಫೇಜ್ ಸತ್ತಿದೆಯಾ?

ಪ್ಲಾಕ್ ಅಂದರೆ ಪ್ಲೇಟ್ ತುಂಬ ಬೆಳೆದ ಬ್ಯಾಕ್ಟೀರಿಯಾ ನಡುವೆ ಫೇಜ್ ಇರುವ ಕಡೆ ಕಾಣುವ ತಿಳಿ ಚುಕ್ಕೆ. ಅದು ಬರದಿದ್ದರೆ ಮೊದಲು ಬ್ಯಾಕ್ಟೀರಿಯಾ ಕಡೆ ನೋಡಿ. ಪಿಲಸ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ಫೇಜ್ ಇದ್ದರೂ ಪ್ರಯೋಜನವಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಆಗಷ್ಟೇ ಕೆಲಸ ಕಲಿಯುತ್ತಿದ್ದೆ. 37 ಡಿಗ್ರಿಯ ಶೇಕರ್‌ನಲ್ಲಿ ಜಾಗ ಇರಲಿಲ್ಲ. ರಾತ್ರಿಯಿಡೀ ಬೆಳೆಯುತ್ತದಲ್ಲ ಎಂದು ಫ್ಲಾಸ್ಕನ್ನು ಹೊರಗಿನ ಶೇಕರ್‌ಗೆ ಹಾಕಿ ಮನೆಗೆ ಹೋದೆ. ಡಿಸೆಂಬರ್ ತಿಂಗಳು. ಬೆಳಿಗ್ಗೆ ಬಂದು ನೋಡಿದರೆ ಕಲ್ಚರ್ ಮಜ್ಜಿಗೆಯ ಹಾಗೆ ದಟ್ಟವಾಗಿ ಬೆಳೆದಿದೆ. ಖುಷಿಯಲ್ಲಿ ಫೇಜ್ ಸೇರಿಸಿ ಪ್ಲೇಟ್ ಹಾಕಿದೆ. ಮಾರನೇ ದಿನ ಹತ್ತು ಪ್ಲೇಟ್, ಒಂದರಲ್ಲೂ ಪ್ಲಾಕ್ ಇಲ್ಲ. ಮೂರು ತಿಂಗಳು ಕೂತು ಮಾಡಿದ ಲೈಬ್ರರಿ (ಬೇರೆ ಬೇರೆ ಫೇಜ್‌ಗಳ ಸಂಗ್ರಹ) ಹಾಳಾಯಿತು ಎಂದು ಅಳುವುದೊಂದು ಬಾಕಿ. ಹಿರಿಯರೊಬ್ಬರು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಡಿಗ್ರೀಲಿ ಬೆಳೆಸಿದ್ದೆ?" ತಣ್ಣಗಿನ ಕಡೆ ಬೆಳೆದ ಇ. ಕೋಲಿ ಎಫ್ ಪಿಲಸ್ ಕಟ್ಟುವುದಿಲ್ಲ. ಅದೇ ಫೇಜ್ 37 ಡಿಗ್ರಿಯಲ್ಲಿ ಬೆಳೆದ ಕೋಶಗಳ ಮೇಲೆ ಚೆನ್ನಾಗಿ ಪ್ಲಾಕ್ ಕೊಟ್ಟಿತು.

ಇನ್ನೊಂದು ಕಾರಣ, ಎಫ್ ಪ್ಲಾಸ್ಮಿಡ್ಡೇ (ಪಿಲಸ್ ಕಟ್ಟುವ ಜೀನ್‌ಗಳಿರುವ ಬೇರೆ ಡಿಎನ್‌ಎ ಬಳೆ) ಕಳೆದುಹೋಗಿರುವುದು. ಅದನ್ನು ಉಳಿಸಿಕೊಂಡ ಕೋಶ ಮಾತ್ರ ಬೆಳೆಯುವ ಹಾಗೆ ಮಾಡಬೇಕು. ಎಕ್ಸ್‌ಎಲ್1-ಬ್ಲೂ ತಳಿಯಾದರೆ ಟೆಟ್ರಾಸೈಕ್ಲಿನ್ ಹಾಕಿ ಬೆಳೆಸಿ, ಟಿಜಿ1 ಆದರೆ ಮಿನಿಮಲ್ ಪ್ಲೇಟ್ ಮೇಲಿಂದ ಕಾಲನಿ ತೆಗೆದುಕೊಳ್ಳಿ. ಹಳೆಯ ಎಲ್‌ಬಿ ಪ್ಲೇಟ್‌ನಿಂದ ತೆಗೆಯಬೇಡಿ.

ಬಂದ ಪ್ಲಾಕ್ ಮಸುಕಾಗಿದ್ದರೆ ಗಾಬರಿ ಬೇಡ. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಇರುತ್ತದೆ. ಎಂ13 ಕೋಶವನ್ನು ಕೊಲ್ಲುವುದಿಲ್ಲ, ಅದರ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಅಷ್ಟೇ.

ಕೋಶ ಸಾಯದೆ ಫೇಜ್ ಹೊರಗೆ ಬರುವುದು ಹೇಗೆ?

ಟಿ4ನಂಥ ಫೇಜ್‌ಗಳು ಕೋಶದೊಳಗೇ ಪೂರ್ತಿ ತಯಾರಾಗಿ, ಕೋಶ ಒಡೆದು ಹೊರಬರುತ್ತವೆ. ಎಂ13 ಕಣ ಕೋಶದ ಒಳಗೆ ಯಾವತ್ತೂ ಪೂರ್ತಿ ಆಗಿರುವುದೇ ಇಲ್ಲ. ಹೊರಬರುತ್ತಾ ಬರುತ್ತಾ ಕಟ್ಟಿಕೊಳ್ಳುತ್ತದೆ. ಶಾವಿಗೆ ಒರಳು ಒತ್ತಿದ ಹಾಗೆ: ಒಳಗಿರುವುದು ಹಿಟ್ಟು, ತೂತು ದಾಟಿದ್ದು ಶಾವಿಗೆ.

ಹೊಸ ಡಿಎನ್‌ಎ ತಯಾರಾದಾಗ ಅದಕ್ಕೆ ಮೊದಲು ಪಿ-5 ಎಂಬ ಪ್ರೋಟೀನಿನ ಹೊದಿಕೆ ಬೀಳುತ್ತದೆ. ಇದು ತಾತ್ಕಾಲಿಕ. ಒಂದು ಜಾಗದಲ್ಲಿ ಮಾತ್ರ ಡಿಎನ್‌ಎ ಹೇರ್‌ಪಿನ್ ಹಾಗೆ ಮಡಚಿಕೊಂಡು ಪಿ-5 ಹೊದಿಕೆಯಿಂದ ಹೊರಗೆ ಚಾಚಿರುತ್ತದೆ. 'ಪ್ಯಾಕ್ ಮಾಡುವುದು ಇಲ್ಲಿಂದ' ಎಂಬ ಗುರುತು ಅದು. ಕಣ ಅಲ್ಲಿಂದ ಶುರುವಾಗುತ್ತದೆ, ಪಿ-7 ಮತ್ತು ಪಿ-9 ತುದಿಯಾಗಿ ಕೂರುತ್ತವೆ.

ಈ ಹೊತ್ತಿಗೆ ಪಿ-8ಗಳು ಒಳಪೊರೆಯಲ್ಲಿ ಸಾಲುಗಟ್ಟಿ ಕಾಯುತ್ತಿರುತ್ತವೆ. ಹುಟ್ಟಿದಾಗ ಅವಕ್ಕೆ 73 ಅಮೈನೊ ಆಮ್ಲ. ಯಿಡ್-ಸಿ ಎಂಬ ಕೋಶದ ಪ್ರೋಟೀನು ಅವನ್ನು ಪೊರೆಯಲ್ಲಿ ನೆಡುತ್ತದೆ, ಮುಂತುದಿಯ 23 ಕತ್ತರಿಸಿ ಹೋಗಿ 50 ಉಳಿಯುತ್ತದೆ. ಪೊರೆಯಲ್ಲಿ ನಿಂತ ರೀತಿ ನೋಡಿ: ಆಮ್ಲ ಗುಣದ ತುದಿ ಹೊರಗೆ, ಲೈಸಿನ್ ತುದಿ ಒಳಗೆ, ಡಿಎನ್‌ಎ ಕಡೆ. ಕಣದಲ್ಲಿ ಹೇಗೆ ಕೂರಬೇಕೋ ಹಾಗೇ ಮೊದಲೇ ತಿರುಗಿ ನಿಂತಿದೆ.

ಪಿ-1 ಎಂಬ ಪ್ರೋಟೀನು ಎಟಿಪಿ ಶಕ್ತಿ ಬಳಸಿ ಡಿಎನ್‌ಎಯನ್ನು ತಳ್ಳುತ್ತದೆ. ಪಿ-5 ಕಳಚಿ ಬೀಳುತ್ತದೆ, ಅದರ ಜಾಗಕ್ಕೆ ಪೊರೆಯಿಂದ ಪಿ-8 ಬಂದು ಸೇರುತ್ತದೆ. ಹೊರಪೊರೆಯಲ್ಲಿ ಪಿ-4 ಪ್ರತಿಗಳು ಉಂಗುರವಾಗಿ ನಿಂತು ದೊಡ್ಡ ಬಾಗಿಲು ಮಾಡಿರುತ್ತವೆ. ಕಣ ಅದರ ಮೂಲಕ ಜಾರುತ್ತದೆ. ಪಿ-1, ಪಿ-4, ಪಿ-5 ಯಾವುವೂ ಫೇಜ್ ಜೊತೆ ಹೋಗುವುದಿಲ್ಲ, ಕೆಲಸ ಮುಗಿಸಿ ಅಲ್ಲೇ ಉಳಿಯುತ್ತವೆ. ಕೋಶದ್ದೇ ಆದ ಥಯೊರೆಡಾಕ್ಸಿನ್ ಎಂಬ ಪ್ರೋಟೀನೂ ಇಲ್ಲಿ ಬೇಕೇ ಬೇಕು.

ಡಿಎನ್‌ಎ ಮುಗಿದಾಗ ಪಿ-6, ಪಿ-3 ಬಂದು ಬಾಲ ಮುಚ್ಚುತ್ತವೆ. ಕಣ ಬಿಡುಗಡೆ. ಸೋಂಕಾದ ಮೊದಲ ಪೀಳಿಗೆಯಲ್ಲೇ ಒಂದು ಕೋಶ ಹೀಗೆ ಸುಮಾರು 1000 ಕಣ ಬಿಡುತ್ತದೆ.

ಪಿ-3 ಇಲ್ಲದಿದ್ದರೆ?

ಮುಗಿಸುವವರೇ ಇರುವುದಿಲ್ಲ. ಒಂದು ಡಿಎನ್‌ಎ ಮುಗಿದರೂ ಕಣ ಕೋಶದಿಂದ ಬಿಡಿಸಿಕೊಳ್ಳುವುದಿಲ್ಲ, ಅದರ ಹಿಂದೆಯೇ ಇನ್ನೊಂದು ಡಿಎನ್‌ಎ, ಮತ್ತೊಂದು. ಮಾಮೂಲಿಗಿಂತ ಎಷ್ಟೋ ಪಟ್ಟು ಉದ್ದದ ಎಳೆಗಳು ಕೋಶದ ಮೈಯಿಂದ ಗಡ್ಡದ ಹಾಗೆ ಜೋತು ಬೀಳುತ್ತವೆ. ಇವಕ್ಕೆ ಪಾಲಿಫೇಜ್ ಎಂದು ಹೆಸರು. ಸೋಂಕಿನ ಶಕ್ತಿ ಇವಕ್ಕಿಲ್ಲ.

ಕಣದ ಉದ್ದ ಯಾರು ನಿರ್ಧರಿಸುತ್ತಾರೆ?

ಮುಖ್ಯವಾಗಿ ಡಿಎನ್‌ಎ. ಡಿಎನ್‌ಎ ಉದ್ದ ಮಾಡಿದರೆ ಕಣವೂ ಉದ್ದ, ಅದಕ್ಕೆ ತಕ್ಕಷ್ಟು ಪಿ-8 ಸೇರಿಕೊಳ್ಳುತ್ತದೆ. ಬರೀ 221 ಅಕ್ಷರದ ಡಿಎನ್‌ಎ ಇಟ್ಟಾಗ ಕಣ ಸುಮಾರು 50 ನ್ಯಾನೊಮೀಟರ್‌ಗೇ ನಿಂತಿತು. ಉಂಡೆಯಾಕಾರದ ಫೇಜ್‌ಗಳಿಗೆ ಈ ಸೌಲಭ್ಯ ಇಲ್ಲ. ಅವುಗಳ ಡಬ್ಬ ಇಷ್ಟೇ ದೊಡ್ಡದು ಎಂದು ಮೊದಲೇ ಗೊತ್ತು.

ಆದರೆ ಕೋಟ್ ಪ್ರೋಟೀನಿನ ಮಾತೂ ನಡೆಯುತ್ತದೆ. ಪಿ-8ರ 48ನೇ ಜಾಗದ ಲೈಸಿನ್ ತೆಗೆದು ವಿದ್ಯುತ್ ಅಂಶ ಇಲ್ಲದ ಅಮೈನೊ ಆಮ್ಲ ಹಾಕಿದ ಪ್ರಯೋಗದ ಫಲಿತಾಂಶ 1987ರಲ್ಲಿ ಬಂತು. ಡಿಎನ್‌ಎ ಅಷ್ಟೇ ಇದ್ದರೂ ಕಣ ಸುಮಾರು 35 ಶೇಕಡಾ ಉದ್ದವಾಯಿತು! ಕಾರಣ ಲೆಕ್ಕದಷ್ಟು ಸರಳ. ಪ್ರತಿ ಪಿ-8ರ ಧನ ಅಂಶ ನಾಲ್ಕರಿಂದ ಮೂರಕ್ಕಿಳಿಯಿತು. ಡಿಎನ್‌ಎಯ ಋಣ ಅಂಶ ಮಾತ್ರ ಅಷ್ಟೇ ಇದೆ. ಸರಿದೂಗಿಸಲು ಜಾಸ್ತಿ ಪಿ-8 ಬೇಕು, ಅದಕ್ಕೆ ಡಿಎನ್‌ಎ ಇನ್ನಷ್ಟು ಜಗ್ಗಿಕೊಳ್ಳಬೇಕು. ಮೂರಕ್ಕೆ ನಾಲ್ಕು ಅಂದರೆ ಮೂರನೇ ಒಂದು ಪಾಲು ಜಾಸ್ತಿ, ನೀವೇ ಹಾಕಿ ನೋಡಿ.

ಒಂದು ಫೇಜ್ ಹೊಕ್ಕ ಕೋಶಕ್ಕೆ ಇನ್ನೊಂದು ಹೊಗುತ್ತದೆಯಾ?

ಸಾಮಾನ್ಯವಾಗಿ ಇಲ್ಲ. ಒಳಗೆ ತಯಾರಾದ ಪಿ-3 ಪೊರೆಯಲ್ಲಿ ಸೇರಿದಾಗ ಕೋಶದ ಟಾಲ್ ವ್ಯವಸ್ಥೆ ಕೆಡುತ್ತದೆ, ಪಿಲಸ್ಸೂ ಸರಿ ಇರುವುದಿಲ್ಲ. ಹೊಸ ಫೇಜ್‌ಗೆ ಬಾಗಿಲೇ ಸಿಗುವುದಿಲ್ಲ. ಫೇಜ್‌ಮಿಡ್ (ಕೋಟ್ ಪ್ರೋಟೀನಿನ ಜೀನ್ ಇಟ್ಟ ಪ್ಲಾಸ್ಮಿಡ್; ಉಳಿದ ಫೇಜ್ ಪ್ರೋಟೀನುಗಳನ್ನು ಹೆಲ್ಪರ್ ಫೇಜ್ ಒದಗಿಸುತ್ತದೆ) ಬಳಸುವವರು ಇದನ್ನು ಮರೆಯಬಾರದು: ಹೆಲ್ಪರ್ ಫೇಜ್ ಹಾಕುವ ಮೊದಲೇ ಪಿ-3 ತಯಾರಾಗಲು ಬಿಟ್ಟರೆ ಹೆಲ್ಪರ್ ಒಳಗೆ ಹೋಗುವುದಿಲ್ಲ. ಅದಕ್ಕೇ ಆ ಹಂತದಲ್ಲಿ ಮೀಡಿಯಾಗೆ ಗ್ಲೂಕೋಸ್ ಹಾಕಿ, ಪಿ-3 ಜೀನನ್ನು ಚಾಲೂ ಮಾಡುವ ಲ್ಯಾಕ್ ಪ್ರೊಮೋಟರನ್ನು ಅದುಮಿಡುವುದು.

ಫೇಜ್ ಡಿಸ್‌ಪ್ಲೇ ಅಂದರೆ ಏನು? ಯಾವ ಕೋಟ್ ಪ್ರೋಟೀನ್ ಆರಿಸಬೇಕು?

ನಮಗೆ ಬೇಕಾದ ಪ್ರೋಟೀನ್ ತುಂಡನ್ನು ಫೇಜ್‌ನ ಕೋಟ್ ಪ್ರೋಟೀನಿಗೆ ಅಂಟಿಸಿ ಹೊರಗೆ ಕಾಣುವಂತೆ ಮಾಡುವುದು. ಅದರ ಜೀನ್ ಅದೇ ಕಣದೊಳಗೆ ಇರುತ್ತದೆ. ಹೊರಗೆ ಮುಖ, ಒಳಗೆ ವಿಳಾಸ. 1985ರಲ್ಲಿ ಜಾರ್ಜ್ ಸ್ಮಿತ್ ಪಿ-3ಯಲ್ಲಿ ಇದನ್ನು ಮಾಡಿ ತೋರಿಸಿದರು. ಗ್ರೆಗ್ ವಿಂಟರ್ ಆ ದಾರಿಯಲ್ಲಿ ಆ್ಯಂಟಿಬಾಡಿಗಳನ್ನು ಹುಡುಕಿದರು. 2018ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಇವರಿಬ್ಬರಿಗೆ ಬಂತು. ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಹುಟ್ಟಿದ್ದು ಇದೇ ತಂತ್ರದಿಂದ.

ದೊಡ್ಡ ಪ್ರೋಟೀನ್ ಆದರೆ ಪಿ-3 ಆರಿಸಿ. ಅಲ್ಲಿ ಜಾಗ ಇದೆ. ಪಿ-8ರ ಎಲ್ಲ ಪ್ರತಿಗಳ ಮೇಲೂ ತೋರಿಸಬೇಕೆಂದರೆ 6-8 ಅಮೈನೊ ಆಮ್ಲಕ್ಕಿಂತ ಉದ್ದದ್ದು ಕಷ್ಟ, ಹೆಂಚಿನ ಮೇಲೆ ಕಲ್ಲು ಕಟ್ಟಿದರೆ ಹೆಂಚು ಕೂರುವುದಿಲ್ಲ. ಮಾಮೂಲಿ ಪಿ-8 ಜೊತೆ ಬೆರೆಸಿದರೆ ಸ್ವಲ್ಪ ದೊಡ್ಡದನ್ನೂ ತೋರಿಸಬಹುದು. ಚಿಕ್ಕ ಬದಲಾವಣೆಯಿಂದಲೂ ದೊಡ್ಡ ಕೆಲಸ ಆಗುತ್ತದೆ. ಎಂಐಟಿಯ ಆ್ಯಂಜೆಲಾ ಬೆಲ್ಚರ್ ತಂಡ ಪಿ-8ರ ಹೊರತುದಿಗೆ ಗ್ಲುಟಮೇಟ್‌ಗಳನ್ನು ಸೇರಿಸಿ, ಫೇಜ್ ಮೇಲೆ ಕೋಬಾಲ್ಟ್ ಆಕ್ಸೈಡ್ ಬೆಳೆಸಿ, 2006ರಲ್ಲಿ ಬ್ಯಾಟರಿಯ ಆ್ಯನೋಡ್ ಮಾಡಿ ತೋರಿಸಿತು.

ಎಲ್ಲ ಫೇಜ್‌ಗಳ ಕೋಟ್ ಪ್ರೋಟೀನೂ ಹೀಗೇನಾ?

ಇಲ್ಲ. ಎಂಎಸ್2 ಆರ್‌ಎನ್‌ಎ ಫೇಜ್, ಉಂಡೆ ಆಕಾರ. ಅದೂ ಎಫ್ ಪಿಲಸ್ಸನ್ನೇ ಹಿಡಿಯುತ್ತದೆ, ಆದರೆ ತುದಿಯನ್ನಲ್ಲ, ಪಕ್ಕೆಯನ್ನು. ಅದರ ಕೋಟ್ ಪ್ರೋಟೀನಿಗೆ ಇನ್ನೊಂದು ಜವಾಬ್ದಾರಿಯೂ ಇದೆ: ಸಾಕಷ್ಟು ಕೋಟ್ ಪ್ರೋಟೀನ್ ತಯಾರಾದ ಮೇಲೆ ಆರ್‌ಎನ್‌ಎಯ ಒಂದು ಮಡಿಕೆಗೆ ಅಂಟಿ, ನಕಲು ಮಾಡುವ ಕಿಣ್ವದ ತಯಾರಿಯನ್ನು ನಿಲ್ಲಿಸುತ್ತದೆ. ಎಚ್‌ಕೆ97 ಫೇಜ್‌ನಲ್ಲಿ ಕೋಟ್ ಪ್ರೋಟೀನುಗಳು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದು, ಸರಪಳಿಯ ಕೊಂಡಿಗಳ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ.

ಕೋಟ್ ಪ್ರೋಟೀನಿನ ತುಣುಕು ತೆಗೆದರೆ ಕಣದ ಗಾತ್ರವೇ ಬದಲಾಗುವುದನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ತೋರಿಸಿದ್ದಾರೆ. ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ಅವರ ತಂಡಗಳು ಅಧ್ಯಯನ ಮಾಡಿದ ಸೆಸ್ಬೇನಿಯಾ ಮೊಸಾಯಿಕ್ ವೈರಸ್ ಗಿಡದ ವೈರಸ್, ಫೇಜ್ ಅಲ್ಲ. ಆದರೂ ಪಾಠ ಅದೇ. ಕೋಟ್ ಪ್ರೋಟೀನಿನ ಮುಂತುದಿಯ ಸಡಿಲ ತೋಳನ್ನು ತೆಗೆದಾಗ 180 ಪ್ರತಿಯ ಕಣದ ಬದಲು 60 ಪ್ರತಿಯ ಚಿಕ್ಕ ಕಣ ಬಂತು.

ಇಂಥ ಫೇಜ್‌ಗಳಿಂದ ಮನುಷ್ಯರಿಗೆ ತೊಂದರೆ ಇದೆಯಾ?

ಎಂ13ನಿಂದ ಇಲ್ಲ. ಆದರೆ ಅದರ ನೆಂಟ ಒಂದಿದೆ, ಸಿಟಿಎಕ್ಸ್ ಫೇಜ್. ಕಾಲರಾ ವಿಷದ ಅಸ್ತಿತ್ವವನ್ನು 1959ರಲ್ಲಿ ಕಲ್ಕತ್ತಾದ ಶಂಭುನಾಥ್ ಡೇ ತೋರಿಸಿಕೊಟ್ಟರು. ಆ ವಿಷದ ಜೀನ್‌ಗಳು ದಾರದಂಥ ಈ ಸಿಟಿಎಕ್ಸ್ ಫೇಜ್‌ನೊಳಗೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗುತ್ತವೆ ಎಂದು ಗೊತ್ತಾಗಿದ್ದು 1996ರಲ್ಲಿ. ಆ ಫೇಜ್ ಕೂಡ ಒಂದು ಪಿಲಸ್ ಹಿಡಿದು, ಟಾಲ್-ಎ ಮೂಲಕವೇ ಒಳಗೆ ಹೋಗುತ್ತದೆ. ಹೊರಬರಲು ತನ್ನದೇ ಪಿ-4 ಬಾಗಿಲು ಅದಕ್ಕಿಲ್ಲ, ಬ್ಯಾಕ್ಟೀರಿಯಾದ ಬಾಗಿಲನ್ನೇ ಬಳಸುತ್ತದೆ. ಕಾಲರಾ ವಿಷ ಹೊರಬರುವುದೂ ಅದೇ ಬಾಗಿಲಿಂದ.

ಕಣಗಳು ಬೇಕಾದಷ್ಟಿವೆ, ಸೋಂಕು ಮಾತ್ರ ಕಡಿಮೆ. ಎಲ್ಲಿ ಹುಡುಕಲಿ?

ಮೊದಲು ಎರಡನ್ನೂ ಬೇರೆ ಬೇರೆ ಎಣಿಸಿ. ಫೇಜ್ ಒಟ್ಟುಗೂಡಲೆಂದು ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಹಾಕಿದಾಗ ಟ್ಯೂಬ್ ಹಾಲಿನ ಹಾಗಾಗಿ, ಸೆಂಟ್ರಿಫ್ಯೂಜ್ ಆದ ಮೇಲೆ ಗೋಡೆಗೆ ಬಿಳಿ ಲೇಪ ಕಂಡರೆ ಕಣ ಇದೆ ಎಂದಷ್ಟೇ ಅರ್ಥ. 269 ಮತ್ತು 320 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆ ಅಳೆದರೆ ಒಟ್ಟು ಕಣಗಳ ಲೆಕ್ಕ ಸಿಗುತ್ತದೆ. ಪ್ಲಾಕ್ ಎಣಿಸಿದರೆ ಸೋಂಕು ಹತ್ತಿಸಬಲ್ಲವುಗಳ ಲೆಕ್ಕ.

ಮೊದಲನೆಯದು ಜಾಸ್ತಿ, ಎರಡನೆಯದು ತುಂಬ ಕಡಿಮೆ ಎಂದರೆ ಅನುಮಾನ ಪಿ-3 ಮೇಲೆ. ಅದರ ಸಡಿಲ ಎಳೆಗಳನ್ನು ಪ್ರೋಟಿಯೇಸ್ ಎಂಬ ಕಿಣ್ವಗಳು ಸುಲಭವಾಗಿ ಕತ್ತರಿಸುತ್ತವೆ. ಎನ್1, ಎನ್2 ಬಿದ್ದುಹೋಗಿ ಬೋಳು ಕಣ ಉಳಿದಿರಬಹುದು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಆ್ಯಂಟಿಬಾಡಿಯಿಂದ ಪ್ರೋಟೀನು ಗುರುತಿಸುವ ವಿಧಾನ) ಪಿ-3 ಗಾತ್ರ ನೋಡಿ, ಗೊತ್ತಾಗುತ್ತದೆ. ನೀವು ಅಂಟಿಸಿದ ಪ್ರೋಟೀನೇ ಎನ್1ಗೆ ಅಡ್ಡ ಬರುತ್ತಿದ್ದರೂ ಹೀಗಾಗುತ್ತದೆ. ಐದರಲ್ಲಿ ಹೆಚ್ಚಿನ ಪ್ರತಿ ಮಾಮೂಲಿ ಪಿ-3 ಇರುವಂತೆ ಫೇಜ್‌ಮಿಡ್‌ಗೆ ಬದಲಾಯಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಮೊದಲ ಲೆಕ್ಕವೇ ಕಡಿಮೆ ಬಂದರೆ ತೊಂದರೆ ಕಟ್ಟುವ ಹಂತದಲ್ಲಿದೆ: ಪಿ-8ಕ್ಕೆ ಅಂಟಿಸಿದ್ದು ಉದ್ದವಾಯಿತೋ, ಪಿ-3 ಜೊತೆ ಸೇರಿಸಿದ್ದು ಪೊರೆ ದಾಟುತ್ತಿಲ್ಲವೋ ನೋಡಿ.

ಉಳಿದ ಬ್ಯಾಕ್ಟೀರಿಯಾ ಕೊಲ್ಲಲು ಕ್ಲೋರೋಫಾರ್ಮ್ ಮಾತ್ರ ಹಾಕಬೇಡಿ. ಟಿ4ಗೆ ಅದು ಸರಿ. ಎಂ13ನ ಹೆಂಚುಗಳು ಎಣ್ಣೆ ಗುಣದಿಂದ ಅಂಟಿಕೊಂಡಿರುವುದರಿಂದ ಕ್ಲೋರೋಫಾರ್ಮ್ ತಾಗಿದರೆ ಸಡಿಲವಾಗಿ, ಉದ್ದ ಕಣ ಕುಗ್ಗಿ ಮುದ್ದೆಯಾಗುತ್ತದೆ. 65 ಡಿಗ್ರಿಯಲ್ಲಿ 15 ನಿಮಿಷ ಇಡಿ, ಬ್ಯಾಕ್ಟೀರಿಯಾ ಸಾಯುತ್ತದೆ, ಫೇಜ್ ಉಳಿಯುತ್ತದೆ.